ಸಂಕಮ್ಮನ ತಪ್ಪಲೆಯ ಮೇಲಿನ ‘ಸಂ.’

ಒಂದು ಊರು ಅಂತ ಶುರು ಮಾಡಿದರೆ ಯಾವ ಊರು ಅಂತ ಕೇಳುತ್ತೀರಿ. ಹೇಳುವುದಿಲ್ಲ. ಹೇಳಿದರೆ ಆ ಊರಿನವರು ದೊಣ್ಣೆ ಹಿಡಿದುಕೊಂಡು ಬರುತ್ತಾರೆ. ದುರ್ಗದ ಸೀಮೆಯದು ಅಂತ ತಿಳಿದುಕೊಳ್ಳಿ, ಸಾಕು. ಆ ಊರಲ್ಲಿ ಸಂಕಮ್ಮ ಅಂತ ಒಬ್ಬ ತಾಯಿ, ತಿಪ್ಪೇಶ ಅಂತ ಅವಳಿಗೊಬ್ಬ ಮಗ.

ತಿಪ್ಪೇಶನದು ಎತ್ತಿನಂಥ ಮೈ, ಕರುವಿನಂಥ ಮನಸ್ಸು. ಬುದ್ಧಿ ಮಾತ್ರ, ದೇವರು ಹಂಚುತ್ತಿದ್ದ ದಿನ ಇವನು ಹಿಂದಿದ್ದವರಿಗೆಲ್ಲ “ನೀವು ಹೋಗ್ರಣ್ಣ, ನೀವು ಹೋಗ್ರಣ್ಣ” ಅಂತ ಜಾಗ ಬಿಟ್ಟುಕೊಟ್ಟು ಕೊನೆಗೆ ಬರಿಗೈಲಿ ಬಂದಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಹೇಳಿದ ಹಾಗೆ ಅಂದರೆ ಹೇಳಿದ ಹಾಗೇ.

“ಲೋ ತಿಪ್ಪೇಶ, ಹಾಲು ಉಕ್ಕುತ್ತೆ, ನೋಡ್ತಿರು” ಅಂದರೆ ನೋಡುತ್ತಿದ್ದ. ಹಾಲು ಉಕ್ಕಿ, ಒಲೆ ಆರಿ, ಬೂದಿಯೆಲ್ಲ ನೆನೆದರೂ ನೋಡುತ್ತಿದ್ದ.

“ಉಕ್ಕಿತೇನೋ?”

“ಚೆನ್ನಾಗಿ ಉಕ್ಕಿತಮ್ಮಾ! ನೀನೂ ನೋಡಬೇಕಿತ್ತು!”

ತಾಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬುದ್ಧಿ ಹೇಳುತ್ತಿದ್ದಳು. ಅವನು ಪೂರ್ತಿ ಕೇಳಿ “ಗೊತ್ತಾಯಿತಮ್ಮಾ!” ಅನ್ನುತ್ತಿದ್ದ. ಅವನು ಗೊತ್ತಾಯಿತು ಅಂದನೆಂದರೆ ಮುಂದಿನ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಸಂಕಮ್ಮ ಅಡಿಗೆಯವಳು. ಸುತ್ತಲ ಊರುಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಒಲೆಯ ಮುಂದೆ ಅವಳೇ ನಿಲ್ಲಬೇಕು. ಅವಳಿಗೆ ತವರಿನಿಂದ ಬಂದ ಒಂದು ಹಿತ್ತಾಳೆ ತಪ್ಪಲೆಯಿತ್ತು. ತಪ್ಪಲೆ ಅಂದರೆ ಮನೆಯ ಪುಟ್ಟ ತಪ್ಪಲೆಯಲ್ಲ. ಒಳಗೆ ಒಬ್ಬ ಆಳು ಮಂಡಿ ಮಡಚಿ ಕೂರಬಹುದು, ಅಂಥದ್ದು. ಅವಳ ತವರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ. ಹಬ್ಬಕ್ಕೆ ಕರೆಯುವವರಿಲ್ಲ, ಬಾಗಿನ ಕೊಡುವವರಿಲ್ಲ. ಆ ತಪ್ಪಲೆಯೇ ಅವಳಿಗೆ ತವರು. ಹತ್ತು ಮನೆಗೆ ಹೋಗಿಬರುವ ಪಾತ್ರೆ ಅಂತ ಅದರ ಕಂಠದ ಮೇಲೆ ಹೆಸರು ಹಾಕಿಸಿದ್ದಳು. ಪೂರ್ತಿ ಹೆಸರಲ್ಲ. ಹೆಸರು ಹಾಕುವವನು ಅಕ್ಷರಕ್ಕಿಷ್ಟು ಅಂತ ಕೇಳುತ್ತಾನಲ್ಲ, ಅದಕ್ಕೆ ಚುಕ್ಕೆ ಚುಕ್ಕೆಯಾಗಿ ‘ಸಂ.’ ಅಂತ ಕುಟ್ಟಿಸಿ ಸುಮ್ಮನಾಗಿದ್ದಳು.

ಆ ಸಲ ಅಕ್ಕಿ ಗಿರಣಿಯ ಮರುಳಪ್ಪ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಅಡಿಗೆ ಸಂಕಮ್ಮನಿಗೇ ಅಂತ ಮಾತಾಗಿತ್ತು. “ನೋಡಮ್ಮ ಸಂಕಮ್ಮ, ಊರಿಗೆ ಊರೇ ಬರುತ್ತೆ. ನಿನ್ನ ಕೈಲಿ ಆಗೋದಿಲ್ಲ ಅಂದ್ರೆ ಈಗಲೇ ಹೇಳು, ಪೇಟೆಯಿಂದ ಅಡಿಗೆ ಭಟ್ಟರನ್ನ ಕರೆಸ್ತೀನಿ” ಅಂದಿದ್ದ. ಒಮ್ಮೆ ಪೇಟೆಯವರು ಕಾಲಿಟ್ಟರೆ ಆ ಊರ ಒಲೆ ಮತ್ತೆ ಇವಳಿಗೆ ಸಿಗುವುದುಂಟೇ? “ನನ್ನ ತಪ್ಪಲೆ ಇರೋತನಕ ಆಗುತ್ತೆ ಮರುಳಪ್ನೋರೆ” ಅಂದು ಬಂದಿದ್ದಳು.

ಬಂದವಳೇ ತಪ್ಪಲೆಯನ್ನು ಕಲಾಯಿಗೆ ಕೊಟ್ಟಳು. ಕಲಾಯಿ ಹಾಕುವ ಇಮಾಮ್ ಸಾಬಿ ಬಸ್ಸು ನಿಲ್ಲುವ ಹೊಂಗೆ ಮರದ ಕೆಳಗೆ ತಿದಿ ಹೂಡಿದ್ದ. ಸುತ್ತಲ ಹಳ್ಳಿಯವರ ಹಿತ್ತಾಳೆಯೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ಯಾರದು ಯಾರದೆಂದು ಗುರುತು ಹಿಡಿಯುವುದು ಕಂಠದ ಮೇಲಿನ ಅಕ್ಷರದಿಂದಲೇ.

“ಲೋ ತಿಪ್ಪೇಶ, ಮರದ ಹತ್ತಿರ ಹೋಗು. ನಮ್ಮ ಗುರುತು ಗೊತ್ತಲ್ಲ? ‘ಸಂ.’ ಅಂತ ಇದ್ದರೆ ನಮ್ಮದು. ಹೊತ್ಕೊಂಡು ಬಾ.”

“ಗೊತ್ತಾಯಿತಮ್ಮಾ!”

ಹೊರಟ. ದಾರಿಯಲ್ಲಿ ಹಾಲಿನ ಡೇರಿ. ಡೇರಿಯ ಕಟ್ಟೆಯ ಮೇಲೆ ಹಾಲಿನ ಕ್ಯಾನು. ಕ್ಯಾನಿನ ಮೇಲೆ ಕೆಂಪು ಬಣ್ಣದಲ್ಲಿ ‘ಹಾ. ಉ. ಸ. ಸಂ.’ ತಿಪ್ಪೇಶ ನಿಂತ. ನೋಡಿದ. ಉಳಿದ ಅಕ್ಷರ ಯಾರದೋ ಏನೋ, ಕೊನೆಯದು ಮಾತ್ರ ನಮ್ಮದೇ! ಎತ್ತಿ ತಲೆಯ ಮೇಲಿಟ್ಟುಕೊಂಡ. ನಡೆದ.

ಹಿಂದಿನಿಂದ ಡೇರಿಯ ಗಂಗಾಧರಪ್ಪ ಪಂಚೆ ಎತ್ತಿ ಕಟ್ಟಿ ಓಡಿಬಂದ. ಅವನ ಹಿಂದೆ ಹಾಲು ಹಾಕಿದವರೆಲ್ಲ ಸಂಕಮ್ಮನ ಬಾಗಿಲವರೆಗೂ ಓಡಿಬಂದರು.

“ಏನು ಸಂಕಮ್ಮ ಇದು! ಹಗಲು ದರೋಡೆ!”

“ಅಯ್ಯೋ ಅಣ್ಣಾ, ನಾನು ತಪ್ಪಲೆ ತಾ ಅಂದೆ!”

“‘ಸಂ.’ ಇತ್ತಮ್ಮಾ,” ಅಂದ ತಿಪ್ಪೇಶ. “ಹಾಲು ಬೇರೆ ಇತ್ತು.”

ಗಂಗಾಧರಪ್ಪ ಅವನ ಕಿವಿ ಹಿಡಿದ. “ಲೋ ಮಂಕೆ, ಇದು ಹಾಲು ಉತ್ಪಾದಕರ ಸಹಕಾರ ಸಂಘ ಕಣೋ. ‘ಸಂ.’ ಅಂದ್ರೆ ಸಂಘ! ಸಂಘ ಅಂದ್ರೆ ಯಾರೊಬ್ಬರ ಸ್ವತ್ತಲ್ಲ, ಎಲ್ಲರದೂ! ಯಾರು ಬಂದು ಕೇಳಿದರೂ ಎಲ್ಲರದೂ ಅನ್ನಬೇಕು, ಗೊತ್ತಾಯಿತಾ?”

“ಗೊತ್ತಾಯಿತಣ್ಣಾ!”

ಮತ್ತೆ ಹೊರಟ. ಈ ಸಲ ನೇರ ಹೊಂಗೆ ಮರಕ್ಕೇ ಹೋದ. ಇಮಾಮ್ ಸಾಬಿ ಊಟಕ್ಕೆ ಹೋಗಿದ್ದ. ಹೊಸ ಕಲಾಯಿಯ ತಪ್ಪಲೆ ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತ ಕೂತಿತ್ತು. ಕಂಠದ ಮೇಲೆ ‘ಸಂ.’

“ಓಹೋ,” ಅಂದ ತಿಪ್ಪೇಶ. “ಸಂಘ!”

ಹುಣಸೇಕಟ್ಟೆಯ ಗುರುಸಿದ್ದಮ್ಮ ತನ್ನ ಪಾತ್ರೆ ಒಯ್ಯಲು ಬಂದವಳು ಆ ತಪ್ಪಲೆ ನೋಡಿ ಬಾಯಿ ಬಿಟ್ಟಳು.

“ಎಂಥಾ ತಪ್ಪಲೆಯೋ ಯಪ್ಪಾ! ಯಾರದು ತಮ್ಮಾ?”

“ಎಲ್ಲರದೂ ಅಕ್ಕಾ.”

“ಎಲ್ಲರದೂ ಅಂದ್ರೆ? ನಮಗೂ ಕೊಡ್ತಾರಾ? ನಾಳಿದ್ದು ಮೊಮ್ಮಗಳನ್ನ ತೊಟ್ಟಿಲಿಗೆ ಹಾಕ್ತಿದೀವಿ. ಪಾಯಸಕ್ಕೆ ದೊಡ್ಡ ಪಾತ್ರೆ ಇಲ್ಲ.”

“ಯಾರು ಕೇಳಿದರೂ ಎಲ್ಲರದೂ ಅಕ್ಕಾ.”

“ಎಷ್ಟು ಒಳ್ಳೆಯ ಊರಪ್ಪ ನಿಮ್ಮದು!” ಅಂದು ಗುರುಸಿದ್ದಮ್ಮ ಅವನ ಕೈಗೊಂದು ಕರೆಯೋಲೆ ಕೊಟ್ಟು, “ನೀವೂ ಬರ್ರಿ” ಅಂತ ಕರೆದು, ತಪ್ಪಲೆಯನ್ನು ಬಸ್ಸಿಗೇರಿಸಿದಳು. ಏರಿಸಲು ತಿಪ್ಪೇಶನೇ ಕೈ ಹಚ್ಚಿದ.

ಸಂಕಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು.

“ತಪ್ಪಲೆ ಎಲ್ಲೋ?”

“ಕೊಟ್ಟೆ.”

“ಯಾರಿಗೋ?”

“ಕೇಳಿದವರಿಗೆ.”

“ಅಯ್ಯೋ ನನ್ನ ಕರ್ಮವೇ! ಹೇಗಿದ್ದರೋ ಅವರು?”

“ಚೆನ್ನಾಗಿದ್ದರು.”

ಸಂಕಮ್ಮ ನೆಲಕ್ಕೆ ಕುಸಿದಳು. “ನನ್ನ ತವರು ಹೋಯಿತಲ್ಲೋ! ಮರುಳಪ್ಪನಿಗೆ ಏನಂತ ಹೇಳಲೋ!” ಅವಳ ಅಳು ಕೇಳಿ ಪಕ್ಕದ ಮನೆಯ ಓಂಕಾರಪ್ಪ ಮೇಷ್ಟ್ರು ಬಂದರು. ತಿಪ್ಪೇಶನ ಕೈಲಿದ್ದ ಕರೆಯೋಲೆ ಇಸಿದುಕೊಂಡು ಓದಿದರು.

“ಅಳಬೇಡ ಸಂಕಮ್ಮ. ತಪ್ಪಲೆ ಹುಣಸೇಕಟ್ಟೆ ಗುರುಸಿದ್ದಮ್ಮನ ಮನೇಲಿದೆ. ನಾಳೆ ಕಳುಹಿಸಿದರೆ ತರಬಹುದು. ಶಾಸ್ತ್ರ ಇರೋದು ನಾಳಿದ್ದು ಸಂಜೆ.”

ತಿಪ್ಪೇಶ ಇಣುಕಿದ. “ಮೇಷ್ಟ್ರೇ, ಇಲ್ಲೂ ‘ಸಂ.’ ಇದೆ! ಸಂಘವೇ?”

“ಅಲ್ಲಪ್ಪಾ. ‘ಸಂ. ಆರು ಗಂಟೆಗೆ’. ಇಲ್ಲಿ ‘ಸಂ.’ ಅಂದ್ರೆ ಸಂಜೆ.”

“ಓ! ಸಂಜೆ!”

ಮಾರನೆಯ ದಿನ ಸಂಕಮ್ಮನೇ ಹೋಗಬೇಕೆಂದಿದ್ದಳು. ಮಂಡಿ ಊದಿಕೊಂಡು ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಮಗನನ್ನೇ ಕಳಿಸಿದಳು. ಕಳಿಸುವಾಗ ಬುದ್ಧಿ ಹೇಳಿದಳು.

“ಹೋದವನೇ, ಅಡಿಗೆ ಸಂಕಮ್ಮನ ತಪ್ಪಲೆ ಕೊಡಿ ಅಂತ ಕೇಳು. ಬೇಗ ಹೋಗು, ಆಟ ಆಡಿಕೊಂಡು ಸಂಜೆ ಮಾಡಬೇಡ. ಸಂಜೆ ಆಯಿತು ಅಂದ್ರೆ ದೀಪ ಹಚ್ಚಿದ ಮನೆಯಿಂದ ಏನೂ ಈಚೆಗೆ ತರಬಾರದು. ಅವರು ಕೊಟ್ಟರೂ ತಗೋಬಾರದು. ಅವರ ಮನೆ ಲಕ್ಷ್ಮಿ ಹೊರಟುಹೋಗ್ತಾಳೆ. ಪಾಪ ಸುತ್ತಿಕೊಳ್ಳುತ್ತೆ.”

“ಗೊತ್ತಾಯಿತಮ್ಮಾ!”

ಹುಣಸೇಕಟ್ಟೆಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಗುರುಸಿದ್ದಮ್ಮ ಸಂಗತಿ ಕೇಳಿ ನಾಲಿಗೆ ಕಚ್ಚಿಕೊಂಡಳು.

“ಅಯ್ಯೋ ಶಿವನೇ, ಅಡಿಗೆ ಸಂಕಮ್ಮನದಾ? ನಾನು ಊರೊಟ್ಟಿನದು ಅಂದುಕೊಂಡೆ! ತಗೋ ತಮ್ಮಾ, ಮೊದಲು ತಗೊಂಡು ಹೋಗು. ನಾವು ಹೇಗೋ ಎರಡು ಪಾತ್ರೇಲಿ ಪಾಯಸ ಮಾಡಿಕೋತೀವಿ.” ಉರುಳಿಸಿಕೊಂಡು ಹೊಸ್ತಿಲವರೆಗೆ ತಂದಳು.

ತಿಪ್ಪೇಶ ಬಗ್ಗಿದ. ಕಂಠ ನೋಡಿದ. ಗಾಬರಿಯಾಗಿ ಹಿಂದಕ್ಕೆ ಹಾರಿದ.

“ಬೇಡ ಅಕ್ಕಾ! ಸಂಜೆ ಆಗಿಬಿಟ್ಟಿದೆ!”

“ಸಂಜೆಯಾ? ಇನ್ನೂ ಊಟದ ಹೊತ್ತು ಕಣೋ!”

“ತಪ್ಪಲೆ ನೋಡಿ, ಸಂಜೆ ಅಂತ ಬರೆದಿದೆ! ಒಳಗಿಡಿ, ಒಳಗಿಡಿ! ನಿಮ್ಮ ಮನೆ ಲಕ್ಷ್ಮಿ ಹೋಗ್ತಾಳೆ!”

“ಲೇ ಹುಚ್ಚಪ್ಪ, ಸೂರ್ಯನ್ನ ನೋಡೋ!”

“ಸೂರ್ಯನ ಮೇಲೆ ಏನೂ ಬರೆದಿಲ್ಲ ಅಕ್ಕಾ.”

ಅವಳು ಹೊರಗೆ ತಳ್ಳಿದಳು, ಇವನು ಒಳಗೆ ತಳ್ಳಿದ. ಅವಳು ತಳ್ಳಿದಳು, ಇವನು ತಳ್ಳಿದ. ಕೊನೆಗೆ ಅವಳೇ ಸೋತಳು. “ಬೆಳಗಾದ ಮೇಲೆ ಬರ್ತೀನಿ” ಅಂದು ತಿಪ್ಪೇಶ ಜಗಲಿಯ ಮೇಲೆ ಇನ್ನೂ ಹಚ್ಚದಿದ್ದ ದೀಪಕ್ಕೆ ಕೈಮುಗಿದು ಬಸ್ಸು ಹತ್ತಿದ.

ಬಸ್ಸಿನೊಳಗೆ ಕೂರಲು ಹೋಗಿ ತಲೆಯೆತ್ತಿ ನೋಡುತ್ತಾನೆ, ಅಲ್ಲೂ ಸಂಜೆ! ಒಂದೊಂದು ಸೀಟಿನ ಮೇಲೂ ಸಂಜೆ! ‘ಆಸನ ಸಂ.’, ‘ಆಸನ ಸಂ.’ ಅಂತ ಉದ್ದಕ್ಕೂ ಬರೆದಿತ್ತು.

“ಕಂಡಕ್ಟ್ರಣ್ಣಾ! ಇಷ್ಟೊಂದು ಸಂಜೆ ಯಾಕಣ್ಣಾ?”

“ಏನು?”

“‘ಸಂ.’ ಅಣ್ಣಾ, ‘ಸಂ.’!”

“ಅದು ಸಂಖ್ಯೆ ಕಣಯ್ಯಾ! ಆಸನ ಸಂಖ್ಯೆ! ‘ಸಂ.’ ಅಂತ ಎಲ್ಲಿ ಕಾಣುತ್ತೋ ಅಲ್ಲಿ ತೆಪ್ಪಗೆ ಕೂತ್ಕೋಬೇಕು. ಎದ್ದು ಓಡಾಡಬಾರದು. ಇಳಿಯೋ ಜಾಗ ಬಂದಾಗ ನಾನೇ ಹೇಳ್ತೀನಿ.”

“ಗೊತ್ತಾಯಿತಣ್ಣಾ!”

ಬರಿಗೈಲಿ ಬಂದ ಮಗನನ್ನು ಕಂಡು ಸಂಕಮ್ಮ ಬೈದಳು. ಬೈದು ಬೈದು ಗಂಟಲು ಕಟ್ಟಿತು. “ಸಂಜೆ ಅಂತೆ ಸಂಜೆ! ನಾಳೆ ಅವರ ಶಾಸ್ತ್ರ. ಅದು ಮುಗಿದ ಮಾರನೆಯ ದಿನವೇ ನಮ್ಮ ಗೃಹಪ್ರವೇಶ. ನಾಳೆ ತರದಿದ್ದರೆ ಮರುಳಪ್ಪನ ಮುಂದೆ ನಾನು ತಲೆಯೆತ್ತೋ ಹಾಗಿಲ್ಲ. ಹೊತ್ತು ಯಾವುದಾದರೂ ಆಗಲಿ, ತಪ್ಪಲೆ ಬಿಟ್ಟು ಬರಬೇಡ!”

ಮಾರನೆಯ ದಿನ ಹೋದ. ಅಲ್ಲಿ ಚಪ್ಪರ, ತೋರಣ, ನೆಂಟರು. ಬೆಳಗಾದರೂ ಇವನು ಬರಲಿಲ್ಲವೆಂದು ಗುರುಸಿದ್ದಮ್ಮ ತಪ್ಪಲೆಯ ತುಂಬ ಗೋಧಿ ಪಾಯಸ ಮಾಡಿ ಆರಿಸಿ ಇಟ್ಟಿದ್ದಳು. ತಿಪ್ಪೇಶ ಕಂಠ ನೋಡಿದ. ‘ಸಂ.’ ಇತ್ತು.

ಚಪ್ಪಲಿ ಬಿಟ್ಟ. ಪಂಚೆ ಎತ್ತಿದ. ಹತ್ತಿದ. ಕೂತ.

ಕೂತವನು ಎದ್ದು ಓಡಾಡಲಿಲ್ಲ. ತೆಪ್ಪಗೆ ಕೂತ. ಪಾಯಸ ಎದೆಮಟ್ಟ ಬಂತು. ದ್ರಾಕ್ಷಿಗಳು ತೇಲಿಬಂದು ಅವನ ಎದೆಗೆ ಮುತ್ತಿಟ್ಟವು. ಮೊದಲು ನೋಡಿದವಳು ತೊಟ್ಟಿಲಿನ ಮಗುವಿನ ಅತ್ತೆ. ಅವಳು ಕಿರುಚಿದ ಕಿರುಚಿಗೆ ಮಗು ಎದ್ದಿತು, ನಾಯಿ ಎದ್ದಿತು, ಊರೇ ಎದ್ದಿತು.

“ಇಳಿಯೋ ಈಚೆಗೆ!”

“ಜಾಗ ಬಂತಾ ಅಕ್ಕಾ?”

“ನಿನ್ನ ಮನೆ ಹಾಳಾಗ! ಪಾಯಸದಲ್ಲಿ ಕೂರ್ತಾರೇನೋ!”

“‘ಸಂ.’ ಅಂದ್ರೆ ಕೂರಬೇಕು ಅಕ್ಕಾ. ಟಿಕೀಟು ಬೇಕಾದ್ರೆ ತಗೋತೀನಿ.”

ನಾಲ್ಕು ಜನ ಹಿಡಿದು ಎತ್ತಿದರು. ಬಾವಿಕಟ್ಟೆಗೆ ಒಯ್ದು ನೀರು ಸುರಿದರು. ಅವತ್ತು ನೆಂಟರಿಗೆಲ್ಲ ಬೆಲ್ಲದ ಚೂರೇ ಪಾಯಸ. ಗುರುಸಿದ್ದಮ್ಮ ಕೈ ಜೋಡಿಸಿ ಅಂದಳು: “ಹೋಗಪ್ಪಾ ಪುಣ್ಯಾತ್ಮ. ಈ ಗದ್ದಲದಲ್ಲಿ ತಪ್ಪಲೆ ತೊಳೆದು ಕೊಡೋರು ಯಾರೂ ಇಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಾ. ತಗೊಂಡು ಹೋಗಿಬಿಡು. ಮತ್ತೆ ಈ ಊರಿನ ಕಡೆ ತಲೆ ಹಾಕಬೇಡ.”

ಸಂಕಮ್ಮನಿಗೆ ಈಗ ಅಳುವುದಕ್ಕೂ ಶಕ್ತಿಯಿರಲಿಲ್ಲ. ಬೆಳಗಾದರೆ ಗೃಹಪ್ರವೇಶ. ಅವಳು ಹೋಗಿ ಒಲೆ ಹೂಡಬೇಕು, ತರಕಾರಿ ಹೆಚ್ಚಿಸಬೇಕು. ತಪ್ಪಲೆ ತರಲು ಇವನಲ್ಲದೆ ಇನ್ನಾರೂ ಇಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡಳು. ಅವನ ಗಲ್ಲ ಹಿಡಿದಳು.

“ಕೇಳು ಕಂದಾ. ‘ಸಂ.’ ಅಂದ್ರೆ ಸಂಘ ಅಲ್ಲ. ಸಂಜೆ ಅಲ್ಲ. ಸಂಖ್ಯೆನೂ ಅಲ್ಲ. ‘ಸಂ.’ ಅಂದ್ರೆ ನಾನು! ಸಂಕಮ್ಮ! ನಿನ್ನ ಹೆತ್ತ ತಾಯಿ! ಬೇರೆ ಯಾರ ಮಾತೂ ಕೇಳಬೇಡ. ‘ಸಂ.’ ಅಂದ್ರೆ ಅಮ್ಮ. ಅಮ್ಮನ್ನ ಹೇಗೆ ಜೋಪಾನವಾಗಿ ಕರಕೊಂಡು ಬರ್ತೀಯೋ ಹಾಗೆ ಕರಕೊಂಡು ಬಾ.”

“ಇದನ್ನ ಮೊದಲೇ ಹೇಳಬಾರದಿತ್ತೇನಮ್ಮಾ!” ಅಂದ ತಿಪ್ಪೇಶ. ಅವನ ಕಣ್ಣಲ್ಲಿ ನೀರು ಬಂತು. “ಗೊತ್ತಾಯಿತು!”

ಮೊದಲ ಬಸ್ಸಿಗೆ ಹೋದ. ತಪ್ಪಲೆ ತೊಳೆದು ಬೋರಲು ಹಾಕಿತ್ತು. ಮೊದಲು ಅದಕ್ಕೆ ಅಡ್ಡಬಿದ್ದ. ಆಮೇಲೆ ಎತ್ತಿದ. ತಲೆಯ ಮೇಲಲ್ಲ, ಮಗುವನ್ನೆತ್ತುವ ಹಾಗೆ ಎದೆಗೆ ಅವುಚಿಕೊಂಡ. ಹೊರಗೆ ತಣ್ಣನೆ ಗಾಳಿ. ತನ್ನ ಟವಲು ತೆಗೆದು ಅದಕ್ಕೆ ಹೊದಿಸಿದ.

ಬಸ್ಸು ಬಂತು.

“ಏಯ್! ಪಾತ್ರೆ ಮೇಲೆ ಹಾಕು, ಟಾಪಿಗೆ!”

“ನಿಮ್ಮಮ್ಮನ್ನ ಟಾಪಿಗೆ ಹಾಕ್ತೀರೇನಣ್ಣಾ?” ಅಂದ ತಿಪ್ಪೇಶ. ಒಳಗೆ ಬಂದು, ಹೆಂಗಸರ ಸೀಟಿನಲ್ಲಿ ತಪ್ಪಲೆಯನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತ. ಕಿಟಕಿ ಮುಚ್ಚಿದ. “ಗಾಳಿ ಆಗಲ್ಲ ಅವಳಿಗೆ, ಮಂಡಿ ನೋವು” ಅಂತ ಪಕ್ಕದವಳಿಗೆ ಹೇಳಿದ. ಆಕೆ ಎದ್ದು ಹಿಂದಕ್ಕೆ ಹೋದಳು. ನಡುವೆ ಬಸ್ಸು ಹೋಟೆಲಿನ ಹತ್ತಿರ ನಿಂತಾಗ ಒಂದು ಲೋಟ ಕಾಫಿ ತಂದು ತಪ್ಪಲೆಯೊಳಗೆ ಹುಯ್ದ. “ಕುಡಿಯಮ್ಮಾ, ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ” ಅಂದ.

ಇತ್ತ ಮರುಳಪ್ಪನ ಹಿತ್ತಲಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಅಕ್ಕಿ ತೊಳೆದಿತ್ತು, ಬೇಳೆ ನೆನೆದಿತ್ತು, ಜನ ಬರತೊಡಗಿದ್ದರು. ಮರುಳಪ್ಪ ಆಗೊಮ್ಮೆ ಈಗೊಮ್ಮೆ ಬಂದು ಇಣುಕುತ್ತಿದ್ದ.

“ತಪ್ಪಲೆ ಎಲ್ಲಿ ಸಂಕಮ್ಮ? ಪೇಟೆಯವರಿಗೆ ಇನ್ನೂ ಫೋನು ಮಾಡಬಹುದು.”

“ಬಂತು ಮರುಳಪ್ನೋರೆ. ಬಂದೇಬಿಟ್ಟಿತು.”

ಅಷ್ಟರಲ್ಲಿ ಬಂದ ನೋಡಿ ತಿಪ್ಪೇಶ! ಎದೆಯ ಮೇಲೆ ತಪ್ಪಲೆ! ಸಂಕಮ್ಮನಿಗೆ ಹೋದ ಜೀವ ಬಂದಂತಾಯಿತು. ಓಡಿ ಹೋಗಿ ಟವಲು ಕಿತ್ತು, ಕಾಫಿ ಚೆಲ್ಲಿ, ಉಜ್ಜಿ ತೊಳೆದು, ಇನ್ನೇನು ಒಲೆಯ ಮೇಲಿಡಬೇಕು—

“ಅಯ್ಯೋ! ಅಯ್ಯೋ! ಅಮ್ಮನ್ನ ಬೆಂಕಿಗೆ ಹಾಕ್ತಿದಾಳೆ! ಬನ್ರೋ! ಯಾರಾದರೂ ಬನ್ರೋ!”

ತಪ್ಪಲೆಯನ್ನು ತಬ್ಬಿಕೊಂಡು ಕೂತುಬಿಟ್ಟ. ಎಳೆದರೆ ಬಿಡಲೊಲ್ಲ. ನೆಂಟರು ಸುತ್ತ ನಿಂತರು. ಮರುಳಪ್ಪ ಫೋನು ಹುಡುಕತೊಡಗಿದ.

“ಲೋ ತಿಪ್ಪೇಶ! ನಾನು ಕಣೋ ನಿನ್ನಮ್ಮ!”

“ಸುಳ್ಳು! ನಿನ್ನ ಮೈಮೇಲೆ ‘ಸಂ.’ ಎಲ್ಲಿದೆ?”

ಸಂಕಮ್ಮ ಒಂದು ಗಳಿಗೆ ಮಗನ ಮುಖ ನೋಡಿದಳು. ಒಲೆಯಿಂದ ಒಂದು ಇದ್ದಿಲು ಚೂರು ತೆಗೆದು ಆರಿಸಿದಳು. ನೆರೆದವರೆಲ್ಲರ ಮುಂದೆ, ತನ್ನ ಹಣೆಯ ಮೇಲೆ ತಾನೇ ದಪ್ಪಗೆ ‘ಸಂ.’ ಅಂತ ಬರೆದುಕೊಂಡಳು.

“ಈಗ?”

ತಿಪ್ಪೇಶ ಅವಳ ಹಣೆ ನೋಡಿದ. ತಪ್ಪಲೆಯ ಕಂಠ ನೋಡಿದ. “ಇಬ್ಬರಾಗಿಬಿಟ್ಟರಲ್ಲ!” ಅಂದ.

“ನಾನು ಮಾತಾಡ್ತೀನಿ. ಅದು ಮಾತಾಡುತ್ತಾ? ಕೇಳಿ ನೋಡು!”

ತಿಪ್ಪೇಶ ತಪ್ಪಲೆಯೊಳಗೆ ತಲೆ ಹಾಕಿ “ಅಮ್ಮಾ!” ಅಂತ ಕೂಗಿದ. ತಪ್ಪಲೆಯೂ “ಅಮ್ಮಾ!” ಅಂದಿತು. ಅವನು ತಲೆ ಈಚೆಗೆ ತೆಗೆದ. ಮುಖ ಗಂಟಿಕ್ಕಿತ್ತು.

“ನನ್ನನ್ನೇ ಅಮ್ಮಾ ಅನ್ನುತ್ತೆ! ನಾನು ಯಾವಾಗ ಹೆತ್ತೆ ಇದನ್ನ? ಶುದ್ಧ ಸುಳ್ಳುಬುರುಕಿ! ಒಲೆ ಮೇಲಿಡು!”

ಇಟ್ಟಳು. ಜನ ನಕ್ಕು ನಕ್ಕು ಚಪ್ಪರದ ಕಂಬ ಹಿಡಿದುಕೊಂಡರು. ಮರುಳಪ್ಪ ಫೋನು ಜೇಬಿಗೆ ಹಾಕಿದ. ಆದರೆ ಉರಿ ಜೋರಾಗಿತ್ತು; ಬರಿ ತಪ್ಪಲೆ ಕಾದರೆ ಹೊಸ ಕಲಾಯಿ ಕರಗಿ ನೀರಾಗುತ್ತದೆ. ಸಂಕಮ್ಮ ಕೂಗಿದಳು: “ಲೋ, ನಿಂತು ನೋಡ್ತೀಯಲ್ಲೋ! ‘ಸಂ.’ಗೆ ಒಂದು ಕೊಡ ನೀರು ಹುಯ್ಯೋ! ಬೇಗ!”

“ಗೊತ್ತಾಯಿತಮ್ಮಾ!”

ಕೊಡ ಎತ್ತಿದ. ಅಲ್ಲೊಂದು ‘ಸಂ.’, ಇಲ್ಲೊಂದು ‘ಸಂ.’ ಬೇಗ ಅಂದಿದ್ದಾಳೆ. ಹತ್ತಿರ ಇದ್ದದ್ದಕ್ಕೇ ಹುಯ್ದ. ಸಂಕಮ್ಮನ ನೆತ್ತಿಯಿಂದ ಅಂಗಾಲಿನವರೆಗೆ ನೀರು ಇಳಿಯಿತು. ಪುಣ್ಯಕ್ಕೆ ಅವಳು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೊಡ ಎಳೆದು ತಪ್ಪಲೆಗೆ ಬಗ್ಗಿಸಿದಳು. ಕಲಾಯಿ ಉಳಿಯಿತು. ಅಡಿಗೆಯೂ ಆಯಿತು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಉಂಡವರೆಲ್ಲ ಕೈ ಮೂಸಿಕೊಳ್ಳುತ್ತ ಹೋದರು, ಮಗಳ ಮದುವೆಗೂ ನೀನೇ ಬರಬೇಕು ಅಂತ ಮರುಳಪ್ಪ ವೀಳ್ಯ ಕೊಟ್ಟ.

ಎಲ್ಲರೂ ಉಂಡರು, ತಿಪ್ಪೇಶ ಒಬ್ಬನನ್ನು ಬಿಟ್ಟು. ಅವನು ಹಿತ್ತಲ ಬಾಗಿಲಲ್ಲಿ ಎಲೆ ಮುಂದಿಟ್ಟುಕೊಂಡು ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಂಕಮ್ಮ ಒದ್ದೆ ಸೀರೆಯಲ್ಲೇ ಪಾಯಸದ ಸೌಟು ಹಿಡಿದು ಬಂದಳು. ಅವಳ ಹಣೆ ತೊಳೆದ ಬಟ್ಟಲಿನ ಹಾಗೆ ಚೊಕ್ಕಟವಾಗಿತ್ತು.

“ಉಣ್ಣೋ.”

“ನೀವು ಯಾರೋ ಏನೋ, ಒಳ್ಳೆಯವರು ಇದ್ದೀರಿ ಅಕ್ಕಾ,” ಅಂದ ತಿಪ್ಪೇಶ, ಮೂಗು ಒರೆಸಿಕೊಂಡು. “ನಮ್ಮಮ್ಮ ಇಲ್ಲೇ ಇದ್ದಳು, ನೀರಿಗೆ ಅಳಿಸಿಹೋದಳು. ಅವಳು ಬಂದು ಬಡಿಸೋತನಕ ನಾನು ಉಣ್ಣೋದಿಲ್ಲ.”

ಸಂಕಮ್ಮ ಸೌಟು ಎತ್ತಿದಳು, ಹೊಡೆಯಲಿಕ್ಕೋ ಬಡಿಸಲಿಕ್ಕೋ ಅವಳಿಗೇ ಗೊತ್ತಾಗಲಿಲ್ಲ.